ಹೆಸರು, ಊರು, ತಾರೀಕು

ಅಧ್ಯಕ್ಷರೇ, ಗ್ರಂಥಾಲಯದ ಸ್ನೇಹಿತರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ,

ಆಹ್ವಾನ ಪತ್ರಿಕೆಯಲ್ಲಿ ‘ಕಪ್ಪು ಲೇಖಕರು: ಅನ್ಯಾಯದ ಎದುರು ದನಿ’ ಎಂದು ಅಚ್ಚಾಗಿದೆ. ಇನ್ನೂರೈವತ್ತು ವರ್ಷಗಳ ಸಾಹಿತ್ಯಕ್ಕೆ ನನಗೆ ಸಿಕ್ಕಿರುವುದು ಮುಕ್ಕಾಲು ಗಂಟೆ. 1926ರಲ್ಲಿ ಅಮೆರಿಕದ ಇತಿಹಾಸಕಾರ ಕಾರ್ಟರ್ ವುಡ್ಸನ್ ಆರಂಭಿಸಿದ, ಕಪ್ಪು ಜನರ ಇತಿಹಾಸವನ್ನು ನೆನೆಯುವ ಒಂದು ವಾರದ ಆಚರಣೆ ಹೇಗೆ ಇಡೀ ಫೆಬ್ರುವರಿಗೆ ಹಬ್ಬಿತು ಎಂಬುದನ್ನು ಸ್ವಾಗತ ಭಾಷಣದಲ್ಲೇ ಚೆನ್ನಾಗಿ ಹೇಳಿದ್ದಾರೆ. ಹಾಗಾಗಿ ನಾನು ನೇರವಾಗಿ ಮೆಂಫಿಸ್ ನಗರಕ್ಕೆ ಹೋಗುತ್ತೇನೆ.

1892. ಟೆನೆಸಿ ರಾಜ್ಯದ ಮೆಂಫಿಸ್. ‘ಫ್ರೀ ಸ್ಪೀಚ್’ ಎಂಬ ಸಣ್ಣ ಪತ್ರಿಕೆಯ ಕಚೇರಿ. ಮೇಜಿನ ಹಿಂದೆ ಮೂವತ್ತು ತುಂಬದ ಒಬ್ಬ ಕಪ್ಪು ಹೆಣ್ಣುಮಗಳು, ಇಡಾ ಬಿ. ವೆಲ್ಸ್. ಹದಿನಾರನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಹಳದಿ ಜ್ವರಕ್ಕೆ ಕಳೆದುಕೊಂಡು, ಟೀಚರ್ ಕೆಲಸಕ್ಕೆ ಸೇರಿ, ತಮ್ಮ ತಂಗಿಯರನ್ನು ಸಾಕಿದವರು. ಆ ದಿನ ಅವರ ಕಚೇರಿಗೆ ಇಬ್ಬರು ಬಿಳಿಯರು ಬಂದರು. ಇಬ್ಬರೂ ನಗರದ ಟ್ರಾಮ್ ಕಂಪನಿಯ ದೊಡ್ಡ ಅಧಿಕಾರಿಗಳು. ಬಂದದ್ದು ವಿನಂತಿ ಮಾಡಿಕೊಳ್ಳಲು. ಕಪ್ಪು ಜನ ಟ್ರಾಮ್ ಹತ್ತುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ, ನಿಮ್ಮ ಪತ್ರಿಕೆಯ ಮಾತನ್ನು ಅವರು ಕೇಳುತ್ತಾರೆ, ದಯವಿಟ್ಟು ಹತ್ತಲು ಹೇಳಿ ಎಂದರು.

ಏಕೆ ನಿಲ್ಲಿಸಿದ್ದಾರೆ ಎಂದು ವೆಲ್ಸ್ ಕೇಳಿದರು. ಗೊತ್ತಿಲ್ಲ, ಅವರಿಗೆ ವಿದ್ಯುತ್ತಿನ ಭಯ ಎಂದು ಕೆಲವರು ಹೇಳುತ್ತಾರೆ ಎಂದರು ಅಧಿಕಾರಿಗಳು. ಈ ಮಾತನ್ನು ನಾನು ತರಗತಿಯಲ್ಲಿ ಓದಿದಾಗಲೆಲ್ಲ ಮಕ್ಕಳು ನಗುತ್ತಿದ್ದರು, ಈಗ ನೀವೂ ನಗುತ್ತಿದ್ದೀರಿ. ವಿದ್ಯುತ್ ಟ್ರಾಮ್ ಓಡಲು ಶುರುವಾಗಿ ಆರು ತಿಂಗಳ ಮೇಲಾಯಿತು, ಭಯ ಈಗ ಬಂದಿತೇ? ಇಷ್ಟಕ್ಕೂ ಜನ ಕಡಿಮೆಯಾಗಿ ಎಷ್ಟು ದಿನವಾಯಿತು ಎಂದು ವೆಲ್ಸ್ ಕೇಳಿದರು. ಸುಮಾರು ಆರು ವಾರ, ಎಂದರು. ಹಾಗಾದರೆ ಲೆಕ್ಕ ಸರಿಯಾಗಿದೆ, ಗುಂಪು ನಮ್ಮ ಮೂವರನ್ನು ಕೊಂದು ಇವತ್ತಿಗೆ ಆರು ವಾರ ಎಂದರು ವೆಲ್ಸ್.

ಆ ಮೂವರ ಹೆಸರು ಥಾಮಸ್ ಮಾಸ್, ಕಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟೀವರ್ಟ್. ಊರಂಚಿನಲ್ಲಿ ‘ಪೀಪಲ್ಸ್ ಗ್ರೋಸರಿ’ ಎಂಬ ದಿನಸಿ ಅಂಗಡಿ ಅವರದು. ಅಂಗಡಿ ಚೆನ್ನಾಗಿ ನಡೆಯಿತು, ಅಲ್ಲಿಯವರೆಗೆ ಆ ಬಡಾವಣೆಯ ವ್ಯಾಪಾರವೆಲ್ಲ ತನ್ನದೇ ಎಂದುಕೊಂಡಿದ್ದ ಬಿಳಿಯ ಅಂಗಡಿಯವನಿಗೆ ಅದು ಸಹಿಸಲಿಲ್ಲ. ಜಗಳ ಬೆಳೆಯಿತು, ಮೂವರನ್ನೂ ಜೈಲಿಗೆ ಹಾಕಿದರು. ಮಾರ್ಚ್ 9ರ ಬೆಳಗಿನ ಜಾವ ಒಂದು ಗುಂಪು ಜೈಲಿನಿಂದಲೇ ಅವರನ್ನು ಎಳೆದೊಯ್ದು ಗುಂಡಿಟ್ಟು ಕೊಂದಿತು. ಥಾಮಸ್ ಮಾಸ್ ಅಂಚೆಯಣ್ಣ. ಊರಿನ ಎಲ್ಲರ ಮನೆಬಾಗಿಲಿಗೆ ಪತ್ರ ತಲುಪಿಸುತ್ತಿದ್ದವನು. ಅವನ ಮಗುವಿಗೆ ವೆಲ್ಸ್ ಧರ್ಮಮಾತೆ.

ಕೊಲೆಗೂ ಕಂಪನಿಗೂ ಸಂಬಂಧವಿಲ್ಲ, ನಮ್ಮ ಮಾಲೀಕರು ಉತ್ತರದವರು ಎಂದು ಅಧಿಕಾರಿಗಳು ಹೇಳಿದರು. ನಡೆಸುವವರು ಮಾತ್ರ ಇಲ್ಲಿಯ ಕೊಲೆಗಡುಕರು ಎಂದು ವೆಲ್ಸ್ ಅವರ ಮುಖಕ್ಕೇ ಹೇಳಿದರು. ಬಂದವರು ಹೋದರು. ವೆಲ್ಸ್ ಆ ಸಂಭಾಷಣೆಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸಿದರು. ಮರುಭಾನುವಾರ ಊರಿನ ಎರಡು ದೊಡ್ಡ ಚರ್ಚುಗಳಿಗೆ ಹೋಗಿ, ಹತ್ತಬೇಡಿ, ಹೀಗೇ ಮುಂದುವರಿಸಿ ಎಂದರು.

ನಾನು ಈ ಪ್ರಸಂಗವನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ಅನ್ಯಾಯದ ವಿರುದ್ಧ ದನಿ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಎತ್ತಿದ ಕೈ, ಏರಿದ ಗಂಟಲು. ವೆಲ್ಸ್ ಮೇಜಿನ ಹಿಂದೆ ಕುಳಿತು ವಾರಗಳನ್ನು ಎಣಿಸಿದರು. ಅನ್ಯಾಯದ ಬಗ್ಗೆ ಮಾತಾಡುವುದು ಬೇರೆ, ನಡೆದ ಅನ್ಯಾಯವನ್ನು ಹೇಳುವುದು ಬೇರೆ. ಹೇಳುವುದಕ್ಕೆ ಮೂರು ಬೇಕು: ಹೆಸರು, ಊರು, ತಾರೀಕು. ಇವತ್ತು ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅದೇ ವರ್ಷ ಮೇ 27ರಂದು ಗುಂಪು ‘ಫ್ರೀ ಸ್ಪೀಚ್’ ಕಚೇರಿಯನ್ನು ಧ್ವಂಸ ಮಾಡಿತು. ವೆಲ್ಸ್ ಆಗ ಊರಲ್ಲಿರಲಿಲ್ಲ, ಆದ್ದರಿಂದ ಉಳಿದರು. ಮರಳಿ ಬಂದರೆ ಜೀವವಿಲ್ಲ ಎಂಬ ಬೆದರಿಕೆ ತಲುಪಿತು. ಅವರು ನ್ಯೂಯಾರ್ಕಿನಲ್ಲಿ ಕುಳಿತು ಬರೆದರು. 1895ರ ‘ದಿ ರೆಡ್ ರೆಕಾರ್ಡ್’ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಪಟ್ಟಿಗಳು. ಯಾರನ್ನು, ಯಾವ ಊರಿನಲ್ಲಿ, ಯಾವ ದಿನ, ಯಾವ ಆರೋಪ ಹೊರಿಸಿ ಕೊಂದರು. ಆ ಅಂಕಿಗಳನ್ನು ಅವರು ಎಲ್ಲಿಂದ ತೆಗೆದರು ಗೊತ್ತೇ? ಬಿಳಿಯರದೇ ಪತ್ರಿಕೆಯಾದ ‘ಷಿಕಾಗೋ ಟ್ರಿಬ್ಯೂನ್’ನಿಂದ. ಕಪ್ಪು ಹೆಂಗಸು ಉತ್ಪ್ರೇಕ್ಷೆ ಮಾಡುತ್ತಿದ್ದಾಳೆ ಎಂದು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಕ್ಕೇ ಕೊಲ್ಲುತ್ತೇವೆ ಎಂದು ದೇಶವೆಲ್ಲ ನಂಬಿಸಿದ್ದ ಸುಳ್ಳು ಆ ಪಟ್ಟಿಯ ಮುಂದೆ ನಿಲ್ಲಲಿಲ್ಲ. ಬಹುಪಾಲು ಕೊಲೆಗಳಲ್ಲಿ ಅಂಥ ಆರೋಪವೇ ಇರಲಿಲ್ಲ. ಗುಂಪುಹತ್ಯೆಯನ್ನು ಅಪರಾಧವೆಂದು ಹೇಳುವ ಕೇಂದ್ರ ಕಾನೂನು ಅಮೆರಿಕದಲ್ಲಿ ಬಂದದ್ದು 2022ರಲ್ಲಿ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ನಾನು ಹಳಿಯಾಳದ ಕಡೆ ಪಾಠ ಮಾಡುತ್ತಿದ್ದ ದಿನಗಳು. ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗಿ ಇದ್ದಳು. ಸಿದ್ದಿ ಜನರ ಪೂರ್ವಿಕರು ಆಫ್ರಿಕಾದವರು, ಅವರಲ್ಲೂ ಅನೇಕರು ಗುಲಾಮರಾಗಿ ಈ ದಡಕ್ಕೆ ಬಂದವರು ಎಂಬುದು ಉತ್ತರ ಕನ್ನಡದ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ಅವಳು ಎರಡನೆಯ ಪಿರಿಯಡ್ಡಿಗೆ ಬಂದಳು, ಚಪ್ಪಲಿಯ ತುಂಬ ಕೆಸರು. ಬಸ್ಸಿನಲ್ಲಿ ಅವಳ ಪಾಸು ನೋಡಿದ ಕಂಡಕ್ಟರ್, ನೀನು ಯಾವ ದೇಶದವಳು, ಇದು ಯಾರ ಪಾಸು ಎಂದು ಕೇಳಿದನಂತೆ. ಅವಳು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೂ ನಂಬದೆ ದಾರಿಯಲ್ಲೇ ಇಳಿಸಿದನಂತೆ. ಬಸ್ಸಿನಲ್ಲಿದ್ದವರು ಯಾರೂ ಮಾತಾಡಲಿಲ್ಲ.

ದೂರು ಬರೆಯೋಣ ಎಂದು ಕೂಡಿಸಿಕೊಂಡೆ. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ‘ಕೆಲವು ಬಸ್ಸುಗಳಲ್ಲಿ ಕೆಲವು ಸಿಬ್ಬಂದಿ ನಮ್ಮ ಸಮುದಾಯದ ವಿದ್ಯಾರ್ಥಿಗಳೊಂದಿಗೆ ಸರಿಯಾಗಿ ವರ್ತಿಸುತ್ತಿಲ್ಲ’ ಎಂದು ಬರೆಸಿದೆ. ಹುಡುಗಿಗೆ ಮುಂದೆ ತೊಂದರೆಯಾಗಬಾರದು ಎಂಬುದು ನನ್ನ ಲೆಕ್ಕ. ಅವಳು ಪೆನ್ನು ನಿಲ್ಲಿಸಿ, ‘ಮೇಡಂ, ಕೆಲವು ಬಸ್ಸಲ್ಲ, ಒಂದು ಬಸ್ಸು’ ಎಂದಳು. ಆ ಹಾಳೆಯನ್ನು ಮಡಚಿಟ್ಟು ಇನ್ನೊಂದು ಹಾಳೆ ತೆಗೆದಳು. ಬಸ್ಸಿನ ನಂಬರು, ತಾರೀಕು, ಎಂಟು ಗಂಟೆ ಹತ್ತು ನಿಮಿಷ, ಇಳಿಸಿದ ಕ್ರಾಸಿನ ಹೆಸರು, ಕಂಡಕ್ಟರ್ ಎದೆಯ ಮೇಲಿದ್ದ ಬಿಲ್ಲೆಯ ಸಂಖ್ಯೆ. ನಾಲ್ಕೇ ಸಾಲು. ಕೊನೆಗೆ ತನ್ನ ಹೆಸರು ಬರೆದು ಸಹಿ ಹಾಕಿದಳು. ನನ್ನ ವಾಕ್ಯದಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಅಲ್ಲಿಯವರೆಗೆ ಹತ್ತು ವರ್ಷ ಇಡಾ ವೆಲ್ಸ್ ಪಾಠ ಮಾಡಿದ್ದ ನಾನು ಆ ದಿನ ಅವರನ್ನು ಓದಿದೆ. ವೆಲ್ಸ್ ಅವರನ್ನೂ ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ ರೈಲಿನ ಮಹಿಳೆಯರ ಡಬ್ಬಿಯಿಂದ ಹೊರಗೆ ಎಳೆದು ಹಾಕಿದ್ದರು, ಮೂರು ಗಂಡಸರು ಸೇರಿ. ಸುಮ್ಮನೆ ಇಳಿಯಲಿಲ್ಲ, ಕಂಡಕ್ಟರನ ಕೈ ಕಚ್ಚಿದರು! ಆಮೇಲೆ ಕೋರ್ಟಿಗೆ ಹೋಗಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಅದನ್ನೂ ಕಿತ್ತುಕೊಂಡಿತು.

ಇನ್ನು ಫ್ರೆಡೆರಿಕ್ ಡಗ್ಲಾಸ್. ಇವರ ಬಗ್ಗೆಯೇ ಒಂದು ಗಂಟೆ ಮಾತಾಡಬೇಕೆಂದು ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಗುಲಾಮನಾಗಿ ಹುಟ್ಟಿ, ಬಾಲ್ಟಿಮೋರಿನ ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಬದಲಿಗೆ ಅಕ್ಷರ ಕಲಿತ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹಡಗು ಕಟ್ಟೆಯಲ್ಲಿ ಮರದ ತುಂಡುಗಳ ಮೇಲೆ ಬಡಗಿಗಳು ಗುರುತು ಹಾಕುತ್ತಿದ್ದ ಅಕ್ಷರಗಳನ್ನು ನೋಡಿ ಬರೆಯಲು ಕಲಿತರು. ಗೋಡೆ, ಬೇಲಿ, ಕಲ್ಲುಹಾಸುಗಳೇ ಸ್ಲೇಟು, ಸುಣ್ಣದ ಕಡ್ಡಿಯೇ ಲೇಖನಿ. 1838ರಲ್ಲಿ ತಪ್ಪಿಸಿಕೊಂಡರು. ವೇದಿಕೆ ಹತ್ತಿ ಮಾತಾಡತೊಡಗಿದರೆ ಕೇಳುವವರಿಗೆ ಹೊಸ ಅನುಮಾನ: ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿರಲು ಸಾಧ್ಯವೇ? ಜೊತೆಗಿದ್ದ ಹಿತೈಷಿಗಳೇ, ಸ್ವಲ್ಪ ತೋಟದ ಆಳಿನ ಹಾಗೆ ಮಾತಾಡು ಎಂದು ಸಲಹೆ ಕೊಟ್ಟರು.

ಅದಕ್ಕೆ ಡಗ್ಲಾಸ್ ಕೊಟ್ಟ ಉತ್ತರ 1845ರ ಆತ್ಮಕಥೆ. ತನ್ನ ಒಡೆಯರ ಹೆಸರು, ತೋಟದ ಹೆಸರು, ಹಳ್ಳದ ನೀರಿನಲ್ಲಿ ನಿಂತಿದ್ದ ಡೆಂಬಿ ಎಂಬ ಗುಲಾಮನನ್ನು ಗುಂಡು ಹಾರಿಸಿ ಕೊಂದ ಮೇಸ್ತ್ರಿ ಆಸ್ಟಿನ್ ಗೋರ್‌ನ ಹೆಸರು. ಕಾನೂನಿನ ಕಣ್ಣಿನಲ್ಲಿ ಡಗ್ಲಾಸ್ ಇನ್ನೂ ಓಡಿಹೋದ ಗುಲಾಮ. ಒಡೆಯನಿಗೆ ವಿಳಾಸ ಕೊಟ್ಟ ಹಾಗಾಯಿತು. ಪುಸ್ತಕ ಬಂದ ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಐರ್ಲೆಂಡ್, ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿಯ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡುಕೊಟ್ಟರು.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ತುಣುಕಿದೆ. ಆ ತೋಟದ ನೆರೆಹೊರೆಯಲ್ಲಿದ್ದ ಥಾಂಪ್ಸನ್ ಎಂಬಾತ ಸಿಟ್ಟಿನಿಂದ ಪತ್ರಿಕೆಗೆ ಬರೆದ: ಈ ಪುಸ್ತಕ ಶುದ್ಧ ಸುಳ್ಳು, ನಾನು ಆ ಫ್ರೆಡೆರಿಕ್‌ನನ್ನು ಬಲ್ಲೆ, ಅವನು ಓದು ಬರಹವಿಲ್ಲದ ಸಾಧಾರಣ ಆಳು, ಪುಸ್ತಕ ಬರೆಯುವ ಯೋಗ್ಯತೆ ಅವನಿಗಿಲ್ಲ, ಒಡೆಯರೆಲ್ಲ ದೇವರಂಥವರು. ಡಗ್ಲಾಸ್ ಬ್ರಿಟನ್ನಿನಿಂದಲೇ ಅವನಿಗೆ ಮನಸಾರೆ ವಂದನೆ ಬರೆದರು. ನಾನು ನಿಜವಾಗಿ ಗುಲಾಮನಾಗಿದ್ದೆ ಎಂಬುದಕ್ಕೆ ನೀವೇ ಸಾಕ್ಷಿ ನುಡಿದಿರಿ! ಹೆಸರು, ಊರು ಹೇಳಿದ್ದರಿಂದಲೇ ಥಾಂಪ್ಸನ್ ಬಾಯಿ ಬಿಡಬೇಕಾಯಿತು. ‘ಒಬ್ಬ ಕ್ರೂರ ಮೇಸ್ತ್ರಿ’ ಎಂದಷ್ಟೇ ಬರೆದಿದ್ದರೆ ಅವನು ಮನೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದ.

ಅಮೆರಿಕದ ಈ ಹೋರಾಟದ ಸುದ್ದಿ ನಮ್ಮ ಪಕ್ಕದ ಪುಣೆಗೂ ಮುಟ್ಟಿತ್ತು. 1873ರಲ್ಲಿ ಜೋತಿರಾವ್ ಫುಲೆಯವರು ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ.

ಚೀಟಿ ಬಂದಿದೆ, ಹತ್ತು ನಿಮಿಷ ಎನ್ನುತ್ತಿದ್ದಾರೆ. ಆದರೂ ಹ್ಯಾರಿಯೆಟ್ ಜೇಕಬ್ಸ್ ಅವರನ್ನು ಬಿಟ್ಟು ಇಳಿಯಲಾರೆ, ಏಕೆಂದರೆ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಅವರು ಅಡ್ಡ ನಿಂತಿದ್ದಾರೆ. ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ಒಡೆಯನ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿದ್ದ ತಾಯಿ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಎತ್ತರ, ಮಧ್ಯದಲ್ಲಿ ಮೂರೇ ಅಡಿ. ಎದ್ದು ನಿಲ್ಲುವ ಮಾತೇ ಇಲ್ಲ. ಬೈರಿಗೆಯಿಂದ ಕೊರೆದ ತೂತಿನ ಮೂಲಕ ಬೀದಿಯಲ್ಲಿ ಆಡುವ ತನ್ನ ಮಕ್ಕಳನ್ನು ನೋಡುತ್ತಿದ್ದರು. ಮಕ್ಕಳಿಗೆ ಅಮ್ಮ ಮೇಲಿದ್ದಾಳೆಂದು ಗೊತ್ತಿಲ್ಲ. 1861ರಲ್ಲಿ ಪುಸ್ತಕ ಬಂದಾಗ ತನ್ನ ಹೆಸರನ್ನು ಲಿಂಡಾ ಬ್ರೆಂಟ್ ಎಂದು ಬದಲಿಸಿದರು, ಎಲ್ಲರ ಹೆಸರನ್ನೂ ಬದಲಿಸಿದರು. ಕಾಪಾಡಿದವರನ್ನು ಹಿಡಿದುಕೊಡಬಾರದಲ್ಲ. ಅದರ ಬೆಲೆ ಏನಾಯಿತು? ಇದು ಯಾರೋ ಬಿಳಿಯ ಲೇಖಕಿ ಕಟ್ಟಿದ ಕಾದಂಬರಿ ಎಂದು ಪಂಡಿತರು ನೂರು ವರ್ಷಕ್ಕೂ ಮಿಕ್ಕಿ ನಂಬಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಹಳೆಯ ಪತ್ರಗಳನ್ನು ಹುಡುಕಿ ಒಂದೊಂದು ಹೆಸರನ್ನೂ ಮರಳಿ ಜೋಡಿಸಿದ ಮೇಲೆ ಜೇಕಬ್ಸ್ ಅವರ ಪುಸ್ತಕ ಜೇಕಬ್ಸ್ ಅವರದಾಯಿತು.

ಹಾಗಾದರೆ ನೊಂದವರಿಗೆ ಹೆಸರು ಮುಚ್ಚಿಡುವ ಹಕ್ಕಿಲ್ಲವೇ? ಖಂಡಿತ ಇದೆ. ನನ್ನ ವಿದ್ಯಾರ್ಥಿನಿಯ ಹೆಸರನ್ನು ನಾನು ಇವತ್ತು ಹೇಳಲಿಲ್ಲ, ಹೇಳಬೇಕೆ ಬೇಡವೆ ಎನ್ನುವುದು ಅವಳಿಗೆ ಬಿಟ್ಟದ್ದು. ನನ್ನ ಸಿಟ್ಟು ಜೇಕಬ್ಸ್ ಮೇಲಲ್ಲ. ನೋಡಿಯೂ ನೋಡದಂತೆ ‘ಕೆಲವರು’, ‘ಕೆಲವೆಡೆ’ ಎಂದು ಬರೆಸುವ ನನ್ನಂಥವರ ಮೇಲೆ, ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಕುಳಿತವರ ಮೇಲೆ.

ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ಅದು ಇನ್ನೊಮ್ಮೆ. ಇನ್ನು ಕಾದಂಬರಿಕಾರ್ತಿ ಟೋನಿ ಮಾರಿಸನ್: 1856ರಲ್ಲಿ ಮಗಳನ್ನು ಗುಲಾಮಗಿರಿಗೆ ಮರಳಿಸಲಾರದೆ ತಾನೇ ಕೊಂದ ಮಾರ್ಗರೆಟ್ ಗಾರ್ನರ್ ಬಗೆಗಿನ ಹಳೆಯ ಪತ್ರಿಕಾ ವರದಿಯೇ 1987ರ ‘ಬಿಲವೆಡ್’ ಕಾದಂಬರಿಯ ಬೀಜ. ಒಂದು ಹೆಸರು, ಒಂದು ಊರು, ಒಂದು ತಾರೀಕು ಯಾವುದೋ ಪತ್ರಿಕೆಯ ಮೂಲೆಯಲ್ಲಿ ನೂರಕ್ಕೂ ಹೆಚ್ಚು ವರ್ಷ ಕಾದಿತ್ತು. ಈ ಪುಸ್ತಕ ನಿಮ್ಮ ಗ್ರಂಥಾಲಯದಲ್ಲಿಲ್ಲ, ನಾನು ಬೆಳಿಗ್ಗೆಯೇ ಕಪಾಟು ನೋಡಿದೆ. ನನ್ನ ಪ್ರತಿಯನ್ನು ಮೇಜಿನ ಮೇಲಿಟ್ಟು ಹೋಗುತ್ತೇನೆ, ದಯವಿಟ್ಟು ನೋಂದಾಯಿಸಿಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಇನ್ನೊಂದೇ ಮಾತು. ಇಡಾ ವೆಲ್ಸ್ ತಮ್ಮ ಆತ್ಮಕಥೆ ಬರೆಯಲು ಕುಳಿತದ್ದು ಕೊನೆಗಾಲದಲ್ಲಿ. ತನ್ನನ್ನು ಹೊಗಳಿದ ಒಬ್ಬ ತರುಣಿಗೂ ವೆಲ್ಸ್ ಮಾಡಿದ ಕೆಲಸ ಏನೆಂದು ಹೇಳಲು ಬರಲಿಲ್ಲ ಎಂಬುದು ಅವರನ್ನು ಕಾಡಿತ್ತು. ಬರೆಯುತ್ತಾ ಬಂದರು, ಹೆಸರುಗಳು, ಊರುಗಳು, ತಾರೀಕುಗಳು. 1931ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಗಳು ಆಲ್ಫ್ರೆಡಾ ಆ ಹಸ್ತಪ್ರತಿಯನ್ನು ಹಿಡಿದುಕೊಂಡು ಪ್ರಕಾಶಕರನ್ನು ಹುಡುಕಿದರು, ಅಚ್ಚಾದದ್ದು 1970ರಲ್ಲಿ. ಅದರ ಕೊನೆಯ ಪುಟವನ್ನು ನೀವು ನೋಡಬೇಕು. ವಾಕ್ಯ ಮುಗಿಯುವುದಿಲ್ಲ. ಪದವೂ ಮುಗಿಯುವುದಿಲ್ಲ, ಅರ್ಧ ಪದಕ್ಕೆ ಪುಸ್ತಕ ನಿಲ್ಲುತ್ತದೆ. ಮಗಳು ಅದನ್ನು ತಿದ್ದಿ ಪೂರ್ತಿ ಮಾಡಲಿಲ್ಲ, ಹಾಗೆಯೇ ಅಚ್ಚು ಹಾಕಿಸಿದರು.