ಅತ್ತ ತಿರುಗಿದರೆ ಮಾಯವಾಗುವ ಚಂದ್ರ

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡುತ್ತಿರುವುದು 'ಔಟರ್ ವೈಲ್ಡ್ಸ್' ಗೇಮ್ ಬಗ್ಗೆ. 2019ರಲ್ಲಿ ಬಂದದ್ದು. ನೀವಿನ್ನೂ ಆಡಿಲ್ಲ, ಮುಂದೆ ಆಡುವ ಆಸೆ ಇದೆ ಅಂದರೆ ದಯವಿಟ್ಟು ವಿಡಿಯೋ ಇಲ್ಲಿಗೇ ನಿಲ್ಲಿಸಿ. ನಿಜವಾಗಿ ಹೇಳುತ್ತಿದ್ದೇನೆ. ಈ ಗೇಮಿನ ಗುಟ್ಟು ಒಮ್ಮೆ ಗೊತ್ತಾಯಿತು ಅಂದರೆ ಮತ್ತೆ ಮರೆಯಲು ಆಗುವುದಿಲ್ಲ.

ಉಳಿದವರು ಇದ್ದೀರಲ್ಲ? ಸರಿ.

ಮರೆಯಲ್ಲಿರುವ ಗ್ರಹ ಹುಡುಕುವುದು ಅಂದರೆ ಹೆಚ್ಚಿನ ಸ್ಪೇಸ್ ಗೇಮ್‌ಗಳಲ್ಲಿ ಏನು ಮಾಡುತ್ತೇವೆ? ಸ್ಕ್ಯಾನ್ ಬಟನ್ ಒತ್ತುತ್ತೇವೆ. ಗ್ರಹದ ಮೇಲೆ ಒಂದು ಗುರುತು ಮೂಡುತ್ತದೆ. ಅಲ್ಲಿಗೆ ಹೋಗುತ್ತೇವೆ. 'ನೋ ಮ್ಯಾನ್ಸ್ ಸ್ಕೈ' ನೋಡಿ. ಅದರಲ್ಲಿರುವ ಗ್ರಹಗಳ ಲೆಕ್ಕ, 1ರ ಮುಂದೆ 19 ಸೊನ್ನೆ ಹಾಕಿದರೆ ಬರುವ ಸಂಖ್ಯೆಗಿಂತ ಜಾಸ್ತಿ. ನಾನೂ ಆಡಿದ್ದೇನೆ, ಗ್ರಹಗಳಿಗೆ ಇಷ್ಟಬಂದ ಹೆಸರಿಟ್ಟಿದ್ದೇನೆ, ಖುಷಿ ಪಟ್ಟಿದ್ದೇನೆ. ಆದರೆ ಆ ಗ್ರಹಗಳು ಯಾವುವೂ ಅಡಗಿ ಕೂತಿಲ್ಲ. ನಮಗಿಂತ ಮುಂಚೆ ಯಾರೂ ಅಲ್ಲಿಗೆ ಹೋಗಿರಲಿಲ್ಲ, ಅಷ್ಟೇ. ಅದಕ್ಕೂ 'ಹುಡುಕಿದೆ' ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಔಟರ್ ವೈಲ್ಡ್ಸ್‌ನಲ್ಲಿ ಇರುವುದು ಒಂದೇ ಸೌರಮಂಡಲ. ಬೆರಳೆಣಿಕೆಯಷ್ಟು ಗ್ರಹಗಳು. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತದೆ, ನೀವು ಮತ್ತೆ ಆಟ ಶುರುವಾದ ಅದೇ ಬೆಂಕಿಯ ಪಕ್ಕ ಎಚ್ಚರವಾಗುತ್ತೀರಿ. ಇಷ್ಟು ಚಿಕ್ಕ ಜಾಗದಲ್ಲಿ ಏನನ್ನು ಬಚ್ಚಿಡಲು ಸಾಧ್ಯ ಅಂತ ನನಗೂ ಅನಿಸಿತ್ತು.

ಅಲ್ಲೊಂದು ಚಂದ್ರ ಇದೆ, ಕ್ವಾಂಟಮ್ ಮೂನ್ ಅಂತ. ಈ ಸಲ ಒಂದು ಗ್ರಹದ ಸುತ್ತ ಕಾಣುತ್ತದೆ. ನೀವು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಅಲ್ಲಿ ಇರುವುದಿಲ್ಲ. ಇನ್ನೊಂದು ಗ್ರಹದ ಪಕ್ಕ ಹೋಗಿ ಕೂತಿರುತ್ತದೆ. ಮೊದಲ ಸಲ ಅದರ ಕಡೆ ನೌಕೆ ತಿರುಗಿಸಿದ್ದು ನನಗೆ ಈಗಲೂ ನೆನಪಿದೆ. ಕಣ್ಣು ಕೀಳದೆ ನೋಡುತ್ತಾ ಹೋದೆ. ಮೇಲೆಲ್ಲ ದಟ್ಟ ಮಂಜು. ಮಂಜಿನ ಒಳಗೆ ನುಗ್ಗಿದೆ. ಈಗ ನೆಲ ಸಿಗುತ್ತದೆ, ಈಗ ಸಿಗುತ್ತದೆ ಅಂತ ವೇಗ ಕಡಿಮೆ ಮಾಡಿದೆ. ಮಂಜು ಕರಗಿತು. ಎದುರಿಗೆ ಬರೀ ಕತ್ತಲೆ, ನಕ್ಷತ್ರಗಳು. ಚಂದ್ರ ಇಲ್ಲ.

ಮೂರು ಸಂಜೆ ಹೀಗೇ ಆಯಿತು. ಗೇಮ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಯಾರಾದರೂ ನೋಡುತ್ತಿರುವವರೆಗೆ ಮಾತ್ರ ಆ ಚಂದ್ರ ಒಂದು ಕಡೆ ನಿಲ್ಲುತ್ತದೆ. ಮಂಜಿನೊಳಗೆ ಹೋದ ಕೂಡಲೇ ನನ್ನ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಕಾಣದಿದ್ದಾಗ ಅದಕ್ಕೆ ಅಲ್ಲಿರುವ ಹಂಗಿಲ್ಲ!

ಇದಕ್ಕೆ ಉಪಾಯ ಒಂದು ಫೋಟೋ. ದೂರದಿಂದಲೇ ಚಂದ್ರನ ಫೋಟೋ ತೆಗೆಯಬೇಕು, ಅದನ್ನು ಪರದೆಯ ಮೇಲೆ ಹಾಗೇ ಇಟ್ಟುಕೊಂಡು ಮಂಜಿನೊಳಗೆ ಹೋಗಬೇಕು. ಫೋಟೋ ನೋಡುತ್ತಿದ್ದರೂ ನೋಡಿದ ಹಾಗೇ ಲೆಕ್ಕ. ಆ ಕ್ಯಾಮೆರಾ ನೌಕೆ ಸಿಕ್ಕಾಗಿನಿಂದಲೇ ನಿಮ್ಮ ಕೈಯಲ್ಲೇ ಇರುತ್ತದೆ. ಹೊಸ ಎಂಜಿನ್ ಕೊಳ್ಳಬೇಕಿಲ್ಲ, ಲೆವೆಲ್ ಏರಬೇಕಿಲ್ಲ. ನಿನ್ನೆಗೂ ಇವತ್ತಿಗೂ ಬದಲಾದದ್ದು ನಿಮಗೆ ಗೊತ್ತಿರುವ ವಿಷಯ ಮಾತ್ರ. ಈ ಗೇಮ್ ನನಗೆ ಇಷ್ಟು ಹತ್ತಿರವಾದದ್ದು ಇದರಿಂದಲೇ. ಗ್ರಹವನ್ನು ತಟ್ಟೆಯಲ್ಲಿಟ್ಟು ಕೊಡುವ ಗೇಮ್‌ಗಳು ಬೇಕಾದಷ್ಟಿವೆ. ಸುಳಿವು ಕೊಟ್ಟು, ಉಳಿದದ್ದಕ್ಕೆ ನಮ್ಮ ತಲೆಯನ್ನು ನಂಬುವ ಗೇಮ್ ಎಷ್ಟಿವೆ ಹೇಳಿ?

2021ರಲ್ಲಿ ಇದೇ ಗೇಮಿಗೆ ಸೇರಿಕೊಳ್ಳುವ ಹೆಚ್ಚುವರಿ ಭಾಗ ಬಂತು, 'ಎಕೋಸ್ ಆಫ್ ದಿ ಐ'. ಅದರಲ್ಲಿ ಅಡಗಿರುವುದು ಏನು ಅಂತ ನಾನು ಹೇಳುವುದಿಲ್ಲ. ಸಿಗುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ. ಒಂದು ಉಪಗ್ರಹ ತೆಗೆದ ಫೋಟೋ ಇದೆ. ಅದೇ ಕೋನದಲ್ಲಿ ನೌಕೆ ನಿಲ್ಲಿಸಿ, ಸುಮ್ನೆ ಸೂರ್ಯನನ್ನು ನೋಡುತ್ತಾ ಕಾಯಬೇಕು. ಸ್ವಲ್ಪ ಹೊತ್ತಿಗೆ ಸೂರ್ಯನ ಮೇಲೆ ಒಂದು ಕಪ್ಪು ನೆರಳು ಸರಿಯುತ್ತದೆ. ಕಣ್ಣಿಗೆ ಕಾಣದ ಏನೋ ಒಂದು ಬೆಳಕಿಗೆ ಅಡ್ಡ ಬಂದಿದೆ.

ನನಗೆ ಮೈ ಜುಮ್ಮೆಂದದ್ದು ಅಲ್ಲಿ. ಯಾಕೆಂದರೆ ನಿಜವಾದ ಆಕಾಶದಲ್ಲೂ ಹೀಗೇ ಹುಡುಕುತ್ತಾರೆ. 2009ರಲ್ಲಿ ಹಾರಿಸಿದ ಕೆಪ್ಲರ್ ದೂರದರ್ಶಕ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆ ಮಾಡಿದ್ದು ನಕ್ಷತ್ರದ ಬೆಳಕು ಚೂರು ಮಂಕಾಗುವುದನ್ನು ನೋಡಿಯೇ. ನಮ್ಮ ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದುಹೋದರೆ ಬೆಳಕು ಕಡಿಮೆಯಾಗುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಗ್ರಹ ಅಡ್ಡ ಬರುವ ಮುಂಚೆಯೇ ಆ ನಕ್ಷತ್ರ ಮಿಣಕ್ ಮಿಣಕ್ ಅಂತ ಮಂಕಾಯಿತು. ಯುರೇನಸ್‌ಗೂ ಬಳೆಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಆಗ. ಅಮೆರಿಕದವರು ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ನೋಡಿದರು. ಅದೇ ರಾತ್ರಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ನೋಡುತ್ತಿದ್ದರು. ಗೇಮಿನಲ್ಲಿ ಸೂರ್ಯನನ್ನೇ ನೋಡುತ್ತಾ ಕೂತಾಗ ನನಗೆ ನೆನಪಾದದ್ದು ಅವರೇ.

ಹಾಗಾಗಿ ಒಂದು ವಿನಂತಿ. ಸಿಕ್ಕಿಹಾಕಿಕೊಂಡರೆ ತಕ್ಷಣ ಗೈಡ್ ನೋಡಬೇಡಿ. ಒಂದು ದಿನ ಬಿಡಿ. ಬಸ್ಸಿನಲ್ಲಿ ಕೂತಾಗಲೋ ಸ್ನಾನ ಮಾಡುವಾಗಲೋ ಉತ್ತರ ತಾನಾಗೇ ಹೊಳೆಯುತ್ತದೆ.

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಅವನೂ ಈಗ ಆಡುತ್ತಿದ್ದಾನೆ. "ಮಾಮ, ಆ ಚಂದ್ರ ಕೈಗೇ ಸಿಗ್ತಿಲ್ಲ, ಏನ್ ಮಾಡ್ಲಿ?" ಅಂದ. ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. "ಗೇಮ್ ಶುರುವಾಗೋ ಊರಿನ ಮ್ಯೂಸಿಯಂನಲ್ಲಿ ಒಂದು ಕಲ್ಲು ಇತ್ತಲ್ಲ, ಅದನ್ನ ಇನ್ನೊಂದ್ಸಲ ನೋಡ್ಕೊಂಡ್ ಬಾ" ಅಂದೆ, ಅಷ್ಟೇ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಮಾಮ... ಆ ಕಲ್ಲು ನಾನು ತಿರುಗಿದಾಗೆಲ್ಲ ಜಾಗ ಬದಲಾಯಿಸ್ತಿತ್ತು" ಅಂದ. ಫೋನ್ ಇಟ್ಟೇಬಿಟ್ಟ.