ಮೊದಲ ಎರಡು ನಿಮಿಷ: ಆರಂಭ ದೃಶ್ಯವನ್ನು ಕಟ್ಟುವ ಕೆಲಸ

ವಿದ್ಯಾರ್ಥಿ ಮಿತ್ರರೇ,

ಮಾಧ್ಯಮ ಅಧ್ಯಯನದ ಭಾಗವಾಗಿ ನಿಮಗೆ ಕೊಟ್ಟಿರುವ ಪ್ರಾಯೋಗಿಕ ಕೆಲಸ ಮೇಲ್ನೋಟಕ್ಕೆ ಚಿಕ್ಕದು. ಇನ್ನೂ ತಯಾರಾಗದ, ಪ್ರಾಯಶಃ ಎಂದೂ ತಯಾರಾಗದ ಒಂದು ಕಥಾಚಿತ್ರದ ಮೊದಲ ಎರಡು ನಿಮಿಷವನ್ನು ಮಾತ್ರ, ಟೈಟಲ್‌ಗಳ ಸಮೇತ, ನೀವು ಮಾಡಿ ತೋರಿಸಬೇಕು. ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಅದು 3,000 ಫ್ರೇಮ್. ಒಂದು ಶಾಟ್, ಅಂದರೆ ನಡುವೆ ಕಟ್ ಇಲ್ಲದೆ ಸಾಗುವ ಚಿತ್ರಿಕೆ, ಸರಾಸರಿ 4 ಸೆಕೆಂಡ್ ನಿಂತರೆ ಸುಮಾರು 30 ಶಾಟ್. ಇಷ್ಟನ್ನು ಒಂದು ವಾರಾಂತ್ಯದಲ್ಲಿ ಮುಗಿಸಬಹುದೆಂದು ಎಲ್ಲ ತಂಡಗಳೂ ಅಂದುಕೊಳ್ಳುತ್ತವೆ, ಚಿತ್ರೀಕರಣದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಕಷ್ಟವಿರುವುದು ಬೇರೆಡೆ.

ಇಂಥ ತುಣುಕುಗಳನ್ನು ಹಲವು ವರ್ಷ ನೋಡುತ್ತ ಬಂದ ನನಗೆ ಖಚಿತವಾಗಿರುವ ಸಂಗತಿಯೊಂದಿದೆ. ಕ್ಯಾಮೆರಾ ಸಾಧಾರಣವಾಗಿತ್ತೆಂಬ ಕಾರಣಕ್ಕೆ ಸೋಲುವ ತುಣುಕುಗಳು ಬಹಳ ಕಡಿಮೆ; ಹೆಚ್ಚಿನವು ಸೋಲುವುದು ಅವು ಆರಂಭವೇ ಆಗಿಲ್ಲದ್ದರಿಂದ. ಕೆಲವು ಟ್ರೈಲರ್ ಆಗಿಬಿಟ್ಟಿರುತ್ತವೆ: ಕಥೆಯ ಮೂರು ನಾಲ್ಕು ಕಡೆಯಿಂದ ಆಯ್ದ ಚಿತ್ರಗಳು, ನಡುನಡುವೆ ಕಪ್ಪು ಪರದೆ, ಕೊನೆಗೊಂದು ಚೀತ್ಕಾರ. ಇನ್ನು ಕೆಲವು ಕಿರುಚಿತ್ರಗಳಾಗಿರುತ್ತವೆ: ಒಬ್ಬನನ್ನು ಯಾರೋ ಹಿಂಬಾಲಿಸುತ್ತಾರೆ, ಅವನು ಮರಗಳ ನಡುವೆ ಓಡುತ್ತಾನೆ, ಕ್ಯಾಮೆರಾ ಕುಲುಕಾಡುತ್ತದೆ, ಅವನು ಸಿಕ್ಕಿಬೀಳುತ್ತಾನೆ, ಸಾಯುತ್ತಾನೆ. ಉಳಿದ ತೊಂಬತ್ತು ನಿಮಿಷ ಪ್ರೇಕ್ಷಕರು ಏನನ್ನು ನೋಡಬೇಕೆಂದು ಕೇಳಿದರೆ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಲಾರಂ ಹೊಡೆದು, ನಾಯಕ ಎದ್ದು, ಕನ್ನಡಿಯ ಮುಂದೆ ಹಲ್ಲುಜ್ಜುವ ಆರಂಭಗಳ ವಿಷಯ ನಾನು ಎತ್ತುವುದಿಲ್ಲ. ಅವುಗಳನ್ನು ನೋಡಿದಾಗಲೆಲ್ಲ ಮರಳಿ ಮಲಗಬೇಕೆನ್ನಿಸುತ್ತದೆ ಎಂದಷ್ಟೇ ಹೇಳುತ್ತೇನೆ.

ಆರಂಭ ದೃಶ್ಯ ಮಾಡಬೇಕಾದ ಕೆಲಸ ಒಂದೇ: ನೋಡುವವರ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಹುಟ್ಟಿಸಿ, ಅದಕ್ಕೆ ಉತ್ತರ ಕೊಡದೆ ಅವರನ್ನು ಕಥೆಯೊಳಕ್ಕೆ ಕಳಿಸಿಕೊಡುವುದು. ನಿಮ್ಮ ಪಠ್ಯದಲ್ಲಿ ಇದಕ್ಕೊಂದು ಹೆಸರೂ ಇದೆ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1970ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಕಥನವನ್ನು ನಡೆಸುವ ಐದು ಸಂಕೇತಗಳನ್ನು ಗುರುತಿಸಿದರು. ಒಗಟನ್ನು ಒಡ್ಡಿ, ಅದರ ಬಿಡಿಸುವಿಕೆಯನ್ನು ಮುಂದೂಡುತ್ತ ಹೋಗುವ ಹರ್ಮೆನ್ಯೂಟಿಕ್ ಸಂಕೇತ ಅವುಗಳಲ್ಲೊಂದು. ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿ ವಿವರಿಸುವ ವಿದ್ಯಾರ್ಥಿಗಳೇ ತಮ್ಮ ತುಣುಕಿನಲ್ಲಿ ಒಗಟನ್ನು ಒಂದೂವರೆ ನಿಮಿಷಕ್ಕೆ ಬಿಡಿಸಿಬಿಡುತ್ತಾರೆ. ಆದ್ದರಿಂದ ಕ್ಯಾಮೆರಾ ಮುಟ್ಟುವ ಮುನ್ನ ಒಂದು ಕಾಗದದ ಮೇಲೆ ಆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕಾದರೆ ನಿಮಗೆ ಇನ್ನೂ ಪ್ರಶ್ನೆ ಸಿಕ್ಕಿಲ್ಲ.

ಒಂದು ತಂಡದ ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ನಾಲ್ವರ ತಂಡ. ಅವರ ಕಲ್ಪನೆ ಹೀಗಿತ್ತು: ವರ್ಷಗಳಿಂದ ಬೀಗ ಹಾಕಿದ್ದ ಮನೆಗೆ ಒಬ್ಬ ಯುವತಿ ಮಳೆಯಲ್ಲಿ ಬರುತ್ತಾಳೆ; ಬೀಗ ತೆಗೆದು ಒಳಗೆ ಬಂದರೆ, ಬಾಗಿಲ ಹಿಂದಿನ ಗೂಟದಲ್ಲಿ ಒಂದು ಕೊಡೆ ತೂಗುತ್ತಿದೆ, ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಈ ಒಂದು ವಸ್ತುವಿನಲ್ಲಿ ಇಡೀ ಚಿತ್ರವಿತ್ತು. ಆದರೆ ಅವರ ಮೊದಲ ಬರಹದಲ್ಲಿ ಯುವತಿ ಕೂಡಲೇ ಕಿರುಚಿ, ಕೋಣೆಯಿಂದ ಕೋಣೆಗೆ ಓಡಿ, ಗೋಡೆಯ ಮೇಲೊಂದು ನೆರಳನ್ನು ಕಂಡು ಬೀಳುತ್ತಿದ್ದಳು. ಕೊಡೆ ಎತ್ತಿದ ಪ್ರಶ್ನೆಯನ್ನು ನೆರಳು ನುಂಗಿಹಾಕುತ್ತಿತ್ತು. ಬಹಳ ಚರ್ಚೆಯ ನಂತರ ತಂಡದಲ್ಲಿ ಅತಿ ಕಡಿಮೆ ಮಾತನಾಡುತ್ತಿದ್ದ ಹುಡುಗಿ ಒಂದು ಸಲಹೆ ಕೊಟ್ಟಳು: ಅವಳು ಹೆದರುವುದೇ ಬೇಡ. ಆ ಕೊಡೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅದರ ಬಳಿಯೇ ತನ್ನ ಕೊಡೆಯನ್ನು ನೇತುಹಾಕಲಿ. ಅಷ್ಟೇ. ಒಳಗೆ ಯಾರಿದ್ದಾರೆ ಎಂಬುದು ಯಾವ ದೆವ್ವದ ಚಿತ್ರಕ್ಕೂ ಹೊಂದುವ ಪ್ರಶ್ನೆ. ಇವಳಿಗೆ ಅದು ಹೇಗೆ ಗೊತ್ತು ಎಂಬುದು ಈ ಚಿತ್ರಕ್ಕೆ ಮಾತ್ರ ಸೇರಿದ ಪ್ರಶ್ನೆ. ಕೈಯ ಒಂದು ಚಲನೆಯಿಂದ ಚಿತ್ರದ ಜಾತಿಯೇ ಬದಲಾಯಿತು.

ಬರಹವಾದ ಮೇಲೆ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟನ್ನೂ ಕಾಗದದ ಮೇಲೆ ಚಿತ್ರವಾಗಿ ಬರೆಯುವುದು. ಚಿತ್ರ ಬರೆಯಲು ಬರುವುದಿಲ್ಲವೆಂಬ ನೆಪವನ್ನು ನಾನು ಒಪ್ಪುವುದಿಲ್ಲ. ಕಡ್ಡಿಮನುಷ್ಯರು ಸಾಕು, ಆದರೆ ಮನುಷ್ಯ ಫ್ರೇಮಿನ ಎಷ್ಟು ಭಾಗ ತುಂಬಿದ್ದಾನೆ, ಯಾವ ಕಡೆಗೆ ನೋಡುತ್ತಿದ್ದಾನೆ ಎಂಬುದು ಸರಿಯಾಗಿರಬೇಕು. ಆ ಚಿತ್ರಗಳನ್ನು ಫೋನಿನಲ್ಲಿ ಫೋಟೋ ತೆಗೆದು ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನ್ ಮೇಲೆ ಅಂದಾಜು ಅವಧಿಗೆ ಜೋಡಿಸಿ ಓಡಿಸಿ ನೋಡಿ. ಇದನ್ನು ಆನಿಮ್ಯಾಟಿಕ್ ಎನ್ನುತ್ತಾರೆ. ಕೊಡೆಯ ತಂಡದ ಆನಿಮ್ಯಾಟಿಕ್ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಬಂತು. ಯುವತಿ ದಾರಿಯಲ್ಲಿ ನಡೆದು ಬರುವುದೇ ಎಪ್ಪತ್ತು ಸೆಕೆಂಡ್ ತಿಂದಿತ್ತು. ಮಳೆಯಲ್ಲಿ ನಿಂತು ಚಿತ್ರೀಕರಿಸುವ ಮೊದಲೇ ಆ ಎಪ್ಪತ್ತು ಸೆಕೆಂಡನ್ನು ಕತ್ತರಿಸಿದ್ದರಿಂದ ಅವರಿಗೆ ಅರ್ಧ ದಿನದ ಶ್ರಮ ಉಳಿತಾಯವಾಯಿತು.

ಚಿತ್ರೀಕರಣದ ತಾಂತ್ರಿಕ ವಿಷಯಗಳಲ್ಲಿ ಕೆಲವನ್ನಷ್ಟೇ ಹೇಳುತ್ತೇನೆ. ಫೋನಿನಲ್ಲಿ ಚಿತ್ರೀಕರಿಸುವವರು ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಬೇಕು. ಇಲ್ಲವಾದರೆ ಬಾಗಿಲು ತೆರೆದು ಹೊರಗಿನ ಬೆಳಕು ನುಗ್ಗಿದ ಕ್ಷಣದಲ್ಲೇ ಫೋನು ತನ್ನಷ್ಟಕ್ಕೆ ಬೆಳಕನ್ನು ತಗ್ಗಿಸುತ್ತದೆ, ಮುಖ ಕಪ್ಪಾಗುತ್ತದೆ, ಒಳಗಿನ ಗೋಡೆಯ ಬಣ್ಣ ಬದಲಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಟ್ಟುಕೊಂಡರೆ ಶಟರ್ ವೇಗ 1/50 ಸೆಕೆಂಡ್ ಇರಲಿ. ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ, 50 ಹರ್ಟ್ಸ್ ವಿದ್ಯುತ್ ಇರುವ ಕಡೆ ದೀಪಗಳ ಮಿನುಗೂ ತಪ್ಪುತ್ತದೆ. ಪಾತ್ರ ಎಡದಿಂದ ಬಲಕ್ಕೆ ನಡೆದು ಮನೆಯೊಳಗೆ ಬಂದರೆ ಮುಂದಿನ ಶಾಟ್‌ನಲ್ಲೂ ಅದೇ ದಿಕ್ಕಿನಲ್ಲಿ ನಡೆಯಬೇಕು. ಕ್ಯಾಮೆರಾವನ್ನು ಆ ನಡಿಗೆಯ ರೇಖೆಯ ಆಚೆಗೆ ಒಯ್ದರೆ ಬಂದವಳು ಹೊರಟುಹೋಗುತ್ತಿರುವಂತೆ ಕಾಣುತ್ತಾಳೆ. 180 ಡಿಗ್ರಿ ನಿಯಮವೆಂದು ಬಾಯಿಪಾಠ ಮಾಡುವುದು ಇದನ್ನೇ.

ಕಟ್ ಕಾಣಿಸಬಾರದೆಂದಿದ್ದರೆ ಅದನ್ನು ಚಲನೆಯ ನಡುವೆ ಇಡಿ. ಹೊರಗಿನಿಂದ ಬಾಗಿಲು ತಳ್ಳುವ ಕೈ, ಒಳಗಿನಿಂದ ಅದೇ ಬಾಗಿಲು ತೆರೆದುಕೊಳ್ಳುವುದು, ಈ ಎರಡು ಶಾಟ್‌ಗಳಲ್ಲೂ ನಟಿ ಪೂರ್ತಿ ಕ್ರಿಯೆಯನ್ನು ಮಾಡಬೇಕು. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಮಾಡಿಸಿದರೆ ಸಂಕಲನದಲ್ಲಿ ಕತ್ತರಿಸಲು ಜಾಗವಿರುವುದಿಲ್ಲ. ಕೊಡೆಯ ತಂಡಕ್ಕೆ ಹೊರಬಾಗಿಲು ಒಂದು ಮನೆಯದು, ಒಳಗಿನ ಕೋಣೆ ಇನ್ನೊಂದು ಕಟ್ಟಡದ್ದು. ತಳ್ಳುವ ಚಲನೆಯ ನಡುವೆ ಕಟ್ ಬಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ.

ಅವರು ಎಡವಿದ್ದು ನಾವು ಯಾರೂ ಊಹಿಸದ ಕಡೆ. ಒದ್ದೆ ಕೊಡೆ ಎಷ್ಟು ಹೊತ್ತು ತೊಟ್ಟಿಕ್ಕುತ್ತದೆ? ಮೊದಲ ಟೇಕ್‌ನಲ್ಲಿ ಹನಿಗಳು ಬೇಗಬೇಗನೆ ಬಿದ್ದವು. ಮೂರನೆಯದಕ್ಕೆ ನಿಂತೇಹೋಗಿದ್ದವು. ಮತ್ತೆ ನೀರು ಸುರಿದರು. ನೆಲದ ಮೇಲೆ ಅಂಗೈಯಗಲವಿದ್ದ ನೀರು ಗೋಡೆಯವರೆಗೆ ಹರಿಯಿತು. ಸಂಜೆ ದೃಶ್ಯಗಳನ್ನು ಕೂಡಿಸಿ ನೋಡಿದರೆ ಲಾಂಗ್ ಶಾಟ್‌ನಲ್ಲಿ ದೊಡ್ಡ ಮಡು, ನಂತರದ ಕ್ಲೋಸ್‌ಅಪ್‌ನಲ್ಲಿ ಸಣ್ಣ ಮಡು, ಆಮೇಲೆ ಒಣ ನೆಲ. ಪ್ರತಿ ಟೇಕ್ ಮುಗಿದೊಡನೆ ಒಬ್ಬರು ಫೋಟೋ ತೆಗೆದಿಟ್ಟುಕೊಂಡು, ಮುಂದಿನ ಟೇಕ್‌ಗೆ ಮುನ್ನ ನೆಲವನ್ನು ಒರೆಸಿ ಅಳತೆಯಷ್ಟೇ ನೀರು ಹಾಕಬೇಕಾಗಿತ್ತು. ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಎಲ್ಲವೂ ಹೊಂದುವಂತೆ ನೋಡಿಕೊಳ್ಳುವ ಹೊಣೆಯನ್ನು ಎಲ್ಲರಿಗೂ ಹಂಚಿದ್ದೇವೆ ಎಂದು ಅವರು ತಮ್ಮ ಯೋಜನೆಯಲ್ಲಿ ಬರೆದಿದ್ದರು. ಎಲ್ಲರಿಗೂ ಹಂಚಿದ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ. ಎರಡನೇ ದಿನ ಅದೇ ಕೋಣೆಗೆ ಮತ್ತೆ ಹೋಗಬೇಕಾಯಿತು.

ಇನ್ನು ಧ್ವನಿ. ಚಿತ್ರ ತುಸು ಮಸುಕಾಗಿದ್ದರೆ ಪ್ರೇಕ್ಷಕರು ಅದನ್ನು ಶೈಲಿ ಎಂದು ಕ್ಷಮಿಸಿಯಾರು. ಧ್ವನಿ ಕೆಟ್ಟಿದ್ದರೆ ಹತ್ತು ಸೆಕೆಂಡಿಗೆ ಕೈಬಿಡುತ್ತಾರೆ. ಕ್ಯಾಮೆರಾದ ಮೈಕ್ ದೂರದ ಎಲ್ಲವನ್ನೂ ಹಿಡಿಯುತ್ತದೆ, ಹತ್ತಿರದ ಬೇಕಾದದ್ದನ್ನು ಹಿಡಿಯುವುದಿಲ್ಲ. ಪ್ರತಿ ಜಾಗದಲ್ಲೂ ಹೊರಡುವ ಮುನ್ನ ಎಲ್ಲರೂ ಅಲುಗಾಡದೆ ನಿಂತು ಅರ್ಧ ನಿಮಿಷ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ರೂಮ್ ಟೋನ್ ಎನ್ನುವುದು ಇದಕ್ಕೆ. ಎರಡು ಮಾತುಗಳ ನಡುವಿನ ಸದ್ದನ್ನು ಕತ್ತರಿಸಿದಾಗ ಉಂಟಾಗುವ ಗುಳಿಯನ್ನು ಇದರಿಂದಲೇ ತುಂಬಬೇಕು. ಸಂಪೂರ್ಣ ನಿಶ್ಶಬ್ದದಿಂದ ತುಂಬಿದರೆ ಸ್ಪೀಕರ್ ಕೆಟ್ಟಿತೇ ಎಂದು ಜನ ತಿರುಗಿ ನೋಡುತ್ತಾರೆ. ಕೊಡೆಯ ತಂಡಕ್ಕೆ ಹನಿ ಬೀಳುವ ನಿಜವಾದ ಸದ್ದು ಮೈಕಿನಲ್ಲಿ ಸಿಗಲೇ ಇಲ್ಲ. ಕೊನೆಗೆ ಒಂದು ಪ್ಲಾಸ್ಟಿಕ್ ಮುಚ್ಚಳದ ಮೇಲೆ ತೆಳುವಾದ ಬಟ್ಟೆ ಹಾಸಿ, ಚಮಚದಿಂದ ಒಂದೊಂದೇ ಹನಿ ಬೀಳಿಸಿ, ಮೈಕನ್ನು ಗೇಣು ದೂರದಲ್ಲಿಟ್ಟು ಆ ಸದ್ದನ್ನು ಪಡೆದರು. ಬಟ್ಟೆಯಿಲ್ಲದೆ ಅದು ನಲ್ಲಿಯ ಸದ್ದಾಗಿತ್ತು.

ಟೈಟಲ್‌ಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಉಪೇಕ್ಷೆಗೆ ಒಳಗಾಗುವ ಭಾಗ ಇದು. ಒಂದು ಕಾಲದಲ್ಲಿ ಚಿತ್ರಮಂದಿರಗಳಲ್ಲಿ ಹೆಸರುಗಳು ಮುಚ್ಚಿದ ತೆರೆಯ ಮೇಲೆಯೇ ಓಡಿಹೋಗುವುದಿತ್ತು. ಚಿತ್ರ ಶುರುವಾಗುವಾಗ ತೆರೆ ಸರಿಯುತ್ತಿತ್ತು. 1955ರಲ್ಲಿ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' ಚಿತ್ರಕ್ಕೆ ವಿನ್ಯಾಸಕಾರ ಸಾಲ್ ಬ್ಯಾಸ್ ಕತ್ತರಿಸಿದ ಕಾಗದದಂತೆ ಕಾಣುವ ಬಿಳಿ ಪಟ್ಟಿಗಳು ಸೇರಿ ಕೊನೆಗೆ ಸೊಟ್ಟಗಿನ ತೋಳೊಂದು ಮೂಡುವ ಟೈಟಲ್ ರಚಿಸಿದಾಗ, ಟೈಟಲ್‌ಗೆ ಮುಂಚೆಯೇ ತೆರೆ ಸರಿಸಿ ಎಂಬ ಸೂಚನೆಯನ್ನು ರೀಲುಗಳ ಜೊತೆಗೆ ಕಳಿಸಬೇಕಾಯಿತು. ಹೆಸರುಗಳೂ ಕಥೆ ಹೇಳಬಲ್ಲವೆಂಬುದು ಅಲ್ಲಿಂದಾಚೆಗೆ ಗಂಭೀರ ವಿಚಾರವಾಯಿತು.

ಇದರ ಇನ್ನೊಂದು ಮುಖವೂ ಇದೆ. ನಿರ್ದೇಶಕ ಆರ್ಸನ್ ವೆಲ್ಸ್ ಅವರ 1958ರ 'ಟಚ್ ಆಫ್ ಈವಿಲ್' ಮೂರು ನಿಮಿಷಕ್ಕೂ ದೀರ್ಘವಾದ ಒಂದೇ ಶಾಟ್‌ನಿಂದ ಆರಂಭವಾಗುತ್ತದೆ. ಕೈಯೊಂದು ಬಾಂಬಿನ ಸಮಯವನ್ನು ತಿರುವುತ್ತದೆ, ಅದನ್ನು ಕಾರಿನ ಡಿಕ್ಕಿಯಲ್ಲಿ ಇಡಲಾಗುತ್ತದೆ, ಕಾರು ಜನಸಂದಣಿಯ ಬೀದಿಗಳಲ್ಲಿ ಗಡಿಯತ್ತ ಸಾಗುತ್ತದೆ, ಏನೂ ಅರಿಯದ ನವದಂಪತಿಗಳು ಅದರ ಅಕ್ಕಪಕ್ಕದಲ್ಲೇ ನಡೆಯುತ್ತಾರೆ. ಸ್ಟುಡಿಯೋ ಆ ಶಾಟ್‌ನ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯವರ ಸಂಗೀತವನ್ನೂ ಹಾಕಿತು. ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದು ಬದಲಾವಣೆಗಳನ್ನು ಕೋರಿದ್ದರು. ಅದನ್ನು ಆಧರಿಸಿ 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಚಿತ್ರವನ್ನು ಮರುಸಂಕಲನ ಮಾಡಿದಾಗ ಆ ಶಾಟ್‌ನ ಮೇಲಿದ್ದ ಹೆಸರುಗಳು ಹೋದವು, ಹಿನ್ನೆಲೆ ಸಂಗೀತವೂ ಹೋಯಿತು. ಅದರ ಜಾಗಕ್ಕೆ ಬೀದಿಯ ಅಂಗಡಿ, ಕುಣಿತದ ಮನೆ, ಕಾರಿನ ರೇಡಿಯೋಗಳಿಂದ ತೇಲಿಬಂದು ಕರಗುವ ಸದ್ದುಗಳು ಬಂದವು. ಎರಡನ್ನೂ ಒಂದರ ಹಿಂದೊಂದು ನೋಡಿ. ಮೊದಲನೆಯದರಲ್ಲಿ ಕಣ್ಣು ಹೆಸರುಗಳನ್ನು ಓದುತ್ತದೆ, ಎರಡನೆಯದರಲ್ಲಿ ಕಾರನ್ನು ಹುಡುಕುತ್ತದೆ. ಹೆಸರುಗಳು ಪ್ರಶ್ನೆಗೆ ಅಡ್ಡ ಬರುವ ಜಾಗ ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪಾಠ ನನಗೆ ಸಿಕ್ಕಿಲ್ಲ.

ನಿಮಗೆ ಹನ್ನೆರಡು ಟೈಟಲ್ ಕಾರ್ಡ್‌ಗಳಿದ್ದು, ಪ್ರತಿಯೊಂದೂ 3 ಸೆಕೆಂಡ್ ನಿಂತರೆ 36 ಸೆಕೆಂಡ್ ಆಯಿತು. ಎರಡು ನಿಮಿಷದಲ್ಲಿ ಅದು ದೊಡ್ಡ ಪಾಲು. ಆದ್ದರಿಂದ ಫ್ರೇಮ್ ರಚಿಸುವಾಗಲೇ ಅಕ್ಷರಕ್ಕೆ ಜಾಗ ಬಿಡಿ. ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ವಿತರಣೆ ಮತ್ತು ನಿರ್ಮಾಣ ಸಂಸ್ಥೆ, ಮುಖ್ಯ ಕಲಾವಿದರು, ಚಿತ್ರದ ಹೆಸರು, ಉಳಿದ ಕಲಾವಿದರು, ತಂತ್ರಜ್ಞರು, ಕೊನೆಗೆ ನಿರ್ದೇಶಕರು. ಎಲ್ಲ ಕೆಲಸಕ್ಕೂ ಅದೇ ನಾಲ್ಕು ಹೆಸರು ಬಂದರೆ ಆರಂಭ ದೃಶ್ಯ ಶಾಲಾ ವಾರ್ಷಿಕೋತ್ಸವದಂತೆ ಕಾಣುತ್ತದೆ. ಕಲ್ಪಿತ ಹೆಸರುಗಳನ್ನು ಬಳಸಲು ಅಧ್ಯಾಪಕರ ಅನುಮತಿ ಕೇಳಿ. ರಕ್ತ ಸುರಿಯುವ ಅಕ್ಷರಗಳು ಬೇಡ. ಸಂಗೀತದ ಹಕ್ಕಿನ ವಿಷಯವಂತೂ ಚರ್ಚೆಗೆ ಬಿಟ್ಟದ್ದಲ್ಲ: ಅನುಮತಿಯಿರುವುದನ್ನು ಬಳಸಿ, ಇಲ್ಲವೇ ನೀವೇ ಮಾಡಿ.

ರಫ್ ಕಟ್, ಅಂದರೆ ಸಂಕಲನದ ಮೊದಲ ಕರಡು, ತಯಾರಾದಾಗ ಕಥೆ ತಿಳಿಯದ ಕೆಲವರಿಗೆ ತೋರಿಸಿ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. ಮುಂದೇನು ತಿಳಿಯಬೇಕೆನ್ನಿಸುತ್ತಿದೆ ಎಂದು ಮಾತ್ರ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮೌಲ್ಯಮಾಪನದ ಬರಹಕ್ಕೂ ಅದೇ ಸಾಮಗ್ರಿ. ಕೊಡೆಯ ತಂಡ ಏಳು ಜನರಿಗೆ ತೋರಿಸಿತು. ಐವರು ತಂಡ ಬಯಸಿದ ಪ್ರಶ್ನೆಯನ್ನೇ ಬರೆದಿದ್ದರು: ಅವಳಿಗೆ ಮೊದಲೇ ಗೊತ್ತಿತ್ತೇ? ಉಳಿದಿಬ್ಬರು ಬರೆದದ್ದು ಒಂದೇ ಮಾತು: ಹೊರಗೆ ಮಳೆ ಬರುತ್ತಿತ್ತೇ? ದಾರಿಯ ಎಪ್ಪತ್ತು ಸೆಕೆಂಡನ್ನು ಕತ್ತರಿಸಿದಾಗ ಮಳೆಯೂ ಅದರ ಜೊತೆ ಹೋಗಿತ್ತು. ಮತ್ತೆ ಚಿತ್ರೀಕರಿಸಲು ಸಮಯವಿರಲಿಲ್ಲ. ನಿರ್ಮಾಣ ಸಂಸ್ಥೆಯ ಹೆಸರು ಬರುವ ಕಪ್ಪು ಪರದೆಯ ಕೆಳಗೆ ನಾಲ್ಕು ಸೆಕೆಂಡ್ ಮಳೆಯ ಸದ್ದನ್ನು ಹಾಕಿದರು, ಬಾಗಿಲು ಮುಚ್ಚಿದ ಕೂಡಲೇ ಅದನ್ನು ತಗ್ಗಿಸಿದರು. ಆ ತಗ್ಗಿದ ಸದ್ದಿನೊಳಗಿಂದ ಮೊದಲ ಹನಿ ಕೇಳಿಸಿತು.