ಗಿರಿಶಿಖರದಿಂದ ಇಳಿದು ಬರುವ ಮೌನ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಅನೇಕರು ಊಟ ಮುಗಿಸಿ, ಅಡುಗೆಮನೆಯ ದೀಪ ಆರಿಸಿ, ರೇಡಿಯೋವನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಕುಳಿತಿರುತ್ತೀರಿ ಎಂದು ಭಾವಿಸುತ್ತೇನೆ. ಅಂಥ ಹೊತ್ತಿಗೆ ಒಪ್ಪುವ ಒಂದು ಪುಟ್ಟ ಪದ್ಯವನ್ನು ಕುರಿತು ಮಾತನಾಡಲು ಬಂದಿದ್ದೇನೆ. ಜರ್ಮನ್ ಕವಿ ಗಯಟೆ ಬರೆದ ಈ ಪದ್ಯದಲ್ಲಿ ಇರುವುದು 8 ಸಾಲು, 24 ಪದ. ಅದರ ಭಾವವನ್ನು ಸರಳವಾಗಿ ಹೇಳುತ್ತೇನೆ, ಕೇಳಿ.

ಗಿರಿಶಿಖರಗಳ ಮೇಲೆಲ್ಲ ಶಾಂತಿ. ಮರಗಳ ನೆತ್ತಿಯಲ್ಲಿ ಉಸಿರಿನಷ್ಟೂ ಗಾಳಿಯ ಸುಳಿವಿಲ್ಲ. ಕಾಡಿನ ಹಕ್ಕಿಗಳು ಸುಮ್ಮನಾಗಿವೆ. ತಾಳು, ಇನ್ನೇನು ನೀನೂ ವಿಶ್ರಮಿಸುವೆ.

ಇಷ್ಟೇ ಪದ್ಯ. ನಾನು ಹೇಳಬೇಕೆಂದಿರುವುದೂ ಒಂದೇ ಮಾತು: ಇಲ್ಲಿ ಮನುಷ್ಯನ ಸರದಿ ಕೊನೆಯದು. ಮೊದಲು ಕಲ್ಲು, ಆಮೇಲೆ ಮರ, ಆಮೇಲೆ ಹಕ್ಕಿ, ಎಲ್ಲರೂ ಆದ ಮೇಲೆ ನಾವು. ಕಲ್ಲು ತಾನಾಗಿಯೇ ನಿಶ್ಚಲವಾಗಿರುತ್ತದೆ, ಮರ ನಿಲ್ಲಬೇಕಾದರೆ ಗಾಳಿ ನಿಲ್ಲಬೇಕು, ಹಕ್ಕಿ ಸುಮ್ಮನಾಗಬೇಕಾದರೆ ಕತ್ತಲಾಗಬೇಕು. ಮನುಷ್ಯನಿಗೆ ಮಾತ್ರ ‘ತಾಳು’ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಈ ಪದ್ಯ ಹುಟ್ಟಿದ್ದು 1780ರ ಸೆಪ್ಟೆಂಬರಿನಲ್ಲಿ, ಇಲ್ಮೆನಾವ್ ಊರಿನ ಬಳಿ ಇರುವ ಕಿಕೆಲ್‌ಹಾನ್ ಬೆಟ್ಟದ ಮೇಲೆ. ಆಗ ಗಯಟೆಗೆ 31 ವರ್ಷ. ವೈಮರ್ ಸಂಸ್ಥಾನದ ಮಂತ್ರಿಯಾಗಿ ಗಣಿ, ರಸ್ತೆ, ಸೈನ್ಯ ಎಂದು ಓಡಾಡುತ್ತಿದ್ದ ಆತ, ಬೇಟೆಗಾರರ ಮರದ ಮನೆಯೊಂದರಲ್ಲಿ ರಾತ್ರಿ ತಂಗಿದ್ದಾಗ ಅದರ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಈ ಸಾಲುಗಳನ್ನು ಬರೆದಿಟ್ಟ. ಐವತ್ತೊಂದು ವರ್ಷ ಕಳೆಯಿತು. ಬೆಟ್ಟದಿಂದ ಆತ ಕಾಗದ ಬರೆಯುತ್ತಿದ್ದ ಗೆಳತಿ ತೀರಿಕೊಂಡಿದ್ದಳು, ಆಶ್ರಯ ಕೊಟ್ಟ ದೊರೆ ತೀರಿಕೊಂಡಿದ್ದ, 1830ರಲ್ಲಿ ಒಬ್ಬನೇ ಮಗನೂ ರೋಮ್ ನಗರದಲ್ಲಿ ತೀರಿಕೊಂಡಿದ್ದ. 1831ರ ಆಗಸ್ಟ್ 27ರಂದು, ಎಂಬತ್ತೆರಡು ತುಂಬುವುದಕ್ಕೆ ಹಿಂದಿನ ದಿನ, ಮುದುಕ ಗಯಟೆ ಮತ್ತೆ ಆ ಬೆಟ್ಟ ಹತ್ತಿದ. ಜೊತೆಗಿದ್ದ ಗಣಿಯ ಅಧಿಕಾರಿ ಅಂದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಮೇಲಂತಸ್ತಿಗೆ ಹೋಗಿ ಗೋಡೆಯ ಬರಹವನ್ನು ಓದುತ್ತಿದ್ದಂತೆ ಗಯಟೆಯ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತಂತೆ; ಕಡುಕಂದು ಕೋಟಿನಿಂದ ಬಿಳಿಯ ಕರವಸ್ತ್ರ ತೆಗೆದು ಒರೆಸಿಕೊಂಡು, ‘ಹೌದು, ತಾಳು, ಇನ್ನೇನು ನೀನೂ ವಿಶ್ರಮಿಸುವೆ’ ಎಂದು ಮೆಲ್ಲಗೆ ಹೇಳಿ, ಅರ್ಧ ನಿಮಿಷ ಕಿಟಕಿಯಾಚೆಯ ಕಾಡನ್ನೇ ನೋಡುತ್ತ ನಿಂತನಂತೆ. ಆ ಅರ್ಧ ನಿಮಿಷವನ್ನು ನಿಮಗೆ ಇಲ್ಲಿಯೇ ಕೇಳಿಸಬೇಕೆಂಬ ಆಸೆ ನನಗೆ ಬಹಳ ಇತ್ತು, ಆದರೆ ಬಾನುಲಿಯಲ್ಲಿ ಅಷ್ಟು ಹೊತ್ತು ಮೌನವಾದರೆ ಅದನ್ನು ತಾಂತ್ರಿಕ ದೋಷವೆನ್ನುತ್ತಾರೆ.

ಗಾಜಿನ ಆಚೆಯಿಂದ ನನಗೆ ಸನ್ನೆ ಬರುತ್ತಿದೆ, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಶಾಂತಿಗೆ ಕವಿ ಬಳಸಿದ ಪದ ‘ರೂ’. ದೀರ್ಘವಾಗಿ ಹೇಳಿ ಅಲ್ಲಿಯೇ ನಿಲ್ಲಬೇಕು. ಉಸಿರಿಗೆ ಬಳಸಿದ ಪದ ‘ಹೌಖ್’. ಹೇಳುವಾಗಲೇ ನಮ್ಮ ಉಸಿರು ಹೊರಗೆ ಹೋಗುತ್ತದೆ. ಈ ಪದ್ಯವನ್ನು ಗಡಿಬಿಡಿಯಲ್ಲಿ, ಹಿನ್ನೆಲೆ ಸಂಗೀತ ಹಾಕಿ ಓದುವವರ ಬಗ್ಗೆ ನನಗೆ ಸ್ವಲ್ಪ ಅಸಹನೆಯಿದೆ, ಕ್ಷಮಿಸಬೇಕು. ಕೊನೆಯ ಸಾಲು ಸಾವಿನ ಮಾತೇ, ನಿದ್ದೆಯ ಮಾತೇ ಎಂದು ವಾದ ಮಾಡುವವರಿಗೂ ನನ್ನ ಉತ್ತರ ಒಂದೇ: ಮೊದಲು ಶಿಖರ, ಮರ, ಹಕ್ಕಿಗಳನ್ನು ದಾಟಿ ಬನ್ನಿ, ನಿಮ್ಮ ಸರದಿ ಕೊನೆಯದು.

ಅಂದು ಆ ಕಿಟಕಿಯಿಂದ ತಿರುಗಿ ಗಯಟೆ ತನ್ನ ಜೊತೆಗಾರನಿಗೆ ಹೇಳಿದ್ದು ‘ಇನ್ನು ಹೊರಡೋಣ’ ಎಂದಷ್ಟೇ. ನಮಸ್ಕಾರ.